ನೀರು ಬಿಡುವವನು

ಕುಂದವಾಡ ಕೆರೆ ನೀರನ್ನು ನಿಟುವಳ್ಳಿಗೆ ಬಿಡುತ್ತಿದ್ದ ದಾದಾಪೀರ್
ಈಗ ನನ್ನ ಪಕ್ಕದ ಹಾಸಿಗೆ.
ಮಂಗಳವಾರ, ಗುರುವಾರ, ಶನಿವಾರ
ಒಂದೇ ಗೋಡೆಗೆ ಎರಡು ಮಿಷಿನ್ನು.

ಬೈದಿದ್ದೇನೆ ಇವನನ್ನು, ಖಾಲಿ ಕೊಡ ಕುಕ್ಕಿ,
ರಾತ್ರಿ ಎರಡಕ್ಕೆ ಬಿಟ್ಟರೆ ಯಾರು ಹಿಡೀತಾರೋ ಎಂದು.
ಈಗ ದಿನಕ್ಕೆ ಮೂರು ಲೋಟ,
ಅವನಿಗೂ ನನಗೂ.

ಎಕೋ ನೋಡಿದ ಡಾಕ್ಟರು ಅಂದರಂತೆ:
ವಾಲ್ವಿಗೆ ಸುಣ್ಣ ಕಟ್ಟಿದೆ.
"ಗೊತ್ತಿರೋ ಕಾಯಿಲೆನೇ ಬಿಡಕ್ಕ," ನಕ್ಕ.
"ಬೋರಿನ ನೀರಿಗೆ ಹಿಂಗೇ ಆಗೋದು.
ಜೋರು ಮಾಡಬಾರದು.
ಸೀಮೆಎಣ್ಣೆ ಬಿಟ್ಟು, ಕಾದು,
ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ..."
ಉಸಿರು ಸಾಲದೆ ಮಾತು ನಿಂತಿತು.
ಸೂಜಿ ಇಲ್ಲದ ಕೈ ಮಾತ್ರ
ಗಾಳಿಯಲ್ಲಿ ತಿರುಗಿಸುತ್ತಲೇ ಇತ್ತು.

ಆಮೇಲೆ ಕೇಳಿದ:
ಇವತ್ತು ನಿಮ್ಮ ಕಡೆ ಬಂತಾ?
ಬಂದಿರಲಿಲ್ಲ.
ಬಂತು, ಅಂದೆ, ತುಂಬಿ ಹರೀತು.
ನಾಲಿಗೆಯಿಂದ ತುಟಿ ಸವರಿಕೊಂಡ.