ಒಡೆದಿಲ್ಲ

ಗಣಿ ಇನ್ನೂ ಕಾಗದದಲ್ಲಿದೆ.
ಅದು ಬರುವ ಮೊದಲು ಊರು ಹೇಗಿತ್ತು
ಎಂದು ಬರೆದುಕೊಂಡು ಬರುವುದು ನನ್ನ ಕೆಲಸ.
ದಿನಕ್ಕೆ ಆರುನೂರು, ಬಸ್ ಚಾರ್ಜು ಬೇರೆ.

ಕುಂಸಿ ದಾಟಿ, ಡಾಂಬರು ಮುಗಿದು, ಮತ್ತೂ ನಾಲ್ಕು ಮೈಲಿ.
ಹಿರೇಕಾನು ತಾಂಡಾದಲ್ಲಿ ನನ್ನ ಹೆಸರು ಬಾಟ್ಲಿ ಮೇಡಮ್ಮು.
ಹದಿನೇಳು ಬಾವಿ, ಎರಡು ಬೋರು, ಒಂದು ಕೆರೆ;
ಟೇಪು ಇಳಿಬಿಟ್ಟು ನೀರಿನ ಮಟ್ಟ ಅಳೆದೆ,
ಬಾಟಲಿಗೊಂದು ಚೀಟಿ ಅಂಟಿಸಿದೆ.
'ನಮ್ಮ ಬಾವಿಗೆ ಏನ್ ಕಾಯ್ಲೆ?' ಅಂದಳು ಹೇಮ್ಲಿಬಾಯಿ.
ಏನೂ ಇಲ್ಲ ಅಂತ ಬರೆಯೋದಕ್ಕೇ ಬಂದಿರೋದು, ಅಂದೆ.
'ಏನೂ ಇಲ್ದಿದ್ರೆ ಯಾಕ್ ಬರ್ಕೊಂತೀಯ?'
ನಾನು ಮುಚ್ಚಳ ಇನ್ನೊಂದು ಸುತ್ತು ಬಿಗಿ ಮಾಡಿದೆ.

ರಾತ್ರಿ ಅಂಗನವಾಡಿ ಕಟ್ಟೆಯಲ್ಲಿ
ಶಬ್ದ ಅಳೆಯುವ ಯಂತ್ರ, ಪಕ್ಕದಲ್ಲಿ ನಾನು.
ಮೂರು ಗಂಟೆಗೆ, ಜೀರುಂಡೆಯೂ ಸುಮ್ಮನಾದಾಗ,
ಮೂವತ್ತೊಂದು ಡೆಸಿಬಲ್.
ಒಂದು ಎಮ್ಮೆ ಕಂಬಕ್ಕೆ ಮೈ ಉಜ್ಜಿದ್ದು,
ಕಾನಿನೊಳಗೆ ಯಾವುದೋ ಕಾಯಿ ಉದುರಿದ್ದು.
ಇದ್ದಕ್ಕಿದ್ದಂತೆ ಐವತ್ತೆಂಟು.
ದ್ಯಾವಪ್ಪ ಕೆಮ್ಮಿದ್ದ.

ಹಳೇ ಮ್ಯಾಂಗನೀಸ್ ಗುಂಡಿಯಲ್ಲಿ ಹನ್ನೊಂದು ವರ್ಷ
ಅದಿರು ಹೊತ್ತವನು. ಈಗ ಲೋಟವನ್ನು
ಎರಡು ಕೈಯಲ್ಲಿ ಹಿಡಿದರೂ ಅರ್ಧ ಚಹಾ ಪಂಚೆಗೆ.
'ಮೂಗಿಗೆ ಬಟ್ಟೆ ಕೊಟ್ಟಿದ್ರು, ಇಬ್ಬರಿಗೊಂದು.
ಸಾಹೇಬ್ರು ಬಂದ ದಿನ ಕಟ್ಕೊಂತಿದ್ವಿ.
ಬತ್ತಿ ಹಚ್ಚಿ, ಸದ್ದು ಬರದಿದ್ರೆ
ನೂರು ಎಣಿಸಿ ಏಳಬೇಕು ಅಂತ ರೂಲ್ಸು.
ನಮ್ಮ ಗುರ್ಯನಿಗೆ ಐವತ್ತರವರೆಗೆ ಮಾತ್ರ ಬರ್ತಿತ್ತು.'
ಆ ಗುಂಡಿಯಲ್ಲೀಗ ನೀಲಿ ನೀರು. ಅದರದ್ದೂ ಒಂದು ಬಾಟಲಿ ತುಂಬಿದೆ.

'ಕೆಮ್ಮು ತೆಗೆದುಹಾಕಿ' ಅಂದರು ಆಫೀಸಿನಲ್ಲಿ ಸುಧೀಂದ್ರ,
'ಸರಾಸರಿ ಕೆಡುತ್ತೆ.'
ತೆಗೆದೆ.
ಅದಕ್ಕೇ ಇಲ್ಲಿ ಬರೆದಿದ್ದೇನೆ.

ಕೊನೆಯ ದಿನ ಗೋಡೆಗಳ ಸರದಿ.
ಇರುವ ಬಿರುಕಿಗೆ ಅಡ್ಡಲಾಗಿ ತೆಳ್ಳನೆ ಗಾಜಿನ ಪಟ್ಟಿ,
ಎರಡು ತುದಿಗೂ ಅಂಟು. ಗುಡ್ಡ ಸಿಡಿದು ನೆಲ ನಡುಗಿದರೆ
ಗೋಡೆಗಿಂತ ಮೊದಲು ಗಾಜು ಹೇಳುತ್ತದೆ.
'ಈ ಬಿರುಕು ನನ್ನ ಮಗಳು ಹುಟ್ಟಿದ ಮಳೆಗಾಲದ್ದು,'
ಹೇಮ್ಲಿಬಾಯಿ ಅದರ ಉದ್ದಕ್ಕೂ ಬೆರಳಾಡಿಸಿದಳು.
'ನಾಳೆ ಗೋಡೆ ಬಿದ್ರೆ, ಮೊದಲೇ ಇತ್ತಲ್ಲಾ ಅಂತೀರಿ.'
ಹಾಗೆಂದೇ ಒಂದು ಕಾಲಂ ಇತ್ತು ನನ್ನ ಹಾಳೆಯಲ್ಲಿ:
ಹಳೆಯದು, ಹೌದು, ಅಲ್ಲ.
ಹೌದಿಗೆ ಗುರುತು ಹಾಕಿದೆ. ಸುಳ್ಳೇನಲ್ಲ.

ಅಹವಾಲು ಸಭೆಗೆ ಶಾಮಿಯಾನ, ನೀಲಿ ಕುರ್ಚಿ, ಮಜ್ಜಿಗೆ.
ಇಂಗ್ಲಿಷಿನಲ್ಲಿ ಇನ್ನೂರ ಹದಿನಾಲ್ಕು ಪುಟ,
ಕನ್ನಡದಲ್ಲಿ ಹನ್ನೊಂದು.
ಲಾರಿಗೆ ತರಪಾಲು ಹೊದಿಸುತ್ತಾರೆ, ಎಲ್ಲರಿಗೂ ಹೆಲ್ಮೆಟ್ಟು,
ಕೆಮ್ಮಣ್ಣು ಹಳ್ಳಕ್ಕೆ ಇಳಿಯದಂತೆ ಹೂಳುಗುಂಡಿ,
ಧೂಳೇಳದಂತೆ ದಾರಿಗೆ ದಿನಕ್ಕೆ ಮೂರು ಸಲ ಟ್ಯಾಂಕರು.
ಒಳ್ಳೆಯ ಮಾತುಗಳೇ, ನಿಜಕ್ಕೂ. ಕೆಲವನ್ನು
ನಾನೇ ಟೈಪು ಮಾಡಿದ್ದೆ.
'ಟ್ಯಾಂಕರಿಗೆ ನೀರು ಯಾವ ಬಾವೀದು?'
ಹಿಂದಿನ ಸಾಲಿನಿಂದ ಅದೇ ದನಿ.
ಮೈಕು ಅಷ್ಟರಲ್ಲಿ ಕಿರ್ರೆಂದಿತು.
ನಡಾವಳಿಯಲ್ಲಿ ಹೀಗಿದೆ:
ಸ್ಥಳೀಯರು ನೀರಿನ ಕುರಿತು ವಿಚಾರಿಸಿದರು.

ಹೊರಡುವಾಗ ಸೀತ್ಲಿ, ಆಕೆಯ ಮೊಮ್ಮಗಳು, ಆರನೇ ಕ್ಲಾಸು,
ಗಾಜಿಗೆ ಮೂಗು ತಾಗಿಸಿ ನಿಂತಿದ್ದಳು.
'ಒಡೆದ್ರೆ ಏನ್ ಮಾಡ್ಬೇಕು?'
ದಿನ ಬರಿ, ಗಂಟೆ ಬರಿ, ಅಂದೆ.
'ಒಡೀದಿದ್ರೆ?'
ಅದಕ್ಕೆ ನಮ್ಮಲ್ಲಿ ನಿಯಮವಿಲ್ಲ.

ನಿನ್ನೆ ಫೋನಿಗೊಂದು ಫೋಟೋ ಬಂತು,
ಲೆಕ್ಕದ ನೋಟುಬುಕ್ಕಿನ ಕೊನೆಯ ಪುಟ:
ಸೋಮವಾರ ಬೆಳಿಗ್ಗೆ, ಒಡೆದಿಲ್ಲ.
ಸೋಮವಾರ ಸಂಜೆ, ಒಡೆದಿಲ್ಲ.
ಮಂಗಳವಾರ ಗುಡುಗಿತು, ಒಡೆದಿಲ್ಲ.
ಬುಧವಾರ ಬೆಕ್ಕು ಹಾರಿತು,
ಅಜ್ಜಿ ಬೈದಳು,
ಒಡೆದಿಲ್ಲ.