ಬರೆದಂತೆ ಓದುವ ಭಾಷೆ

ಕುಡಚಡೆ ಠಾಣೆಯ ಮೇಜಿನ ಮೇಲೆ ಮರಾಠಿ ಪೇಪರು ಹಾಸಿ
ಒಂದು ಸ್ಟೀಲ್ ಡಬ್ಬಿ ಇಟ್ಟಿದ್ದರು.
ಅದಿರಿನ ಕೆಂಪು ರಾಡಿ ಒಣಗಿ ಹಕ್ಕಳೆಯೇಳುತ್ತಿತ್ತು.
ಮುಚ್ಚಳ ಇರಲಿಲ್ಲ.

ನಿಂತುಹೋದ ಗಣಿಯ ಹೊಂಡದಿಂದ
ಹದಿನೇಳು ದಿನ ನೀರೆಳೆದರಂತೆ.
ತಳದಲ್ಲಿ ಟಿಪ್ಪರಿನ ಟೈರು, ಎಮ್ಮೆಯ ಬುರುಡೆ,
ಆಮೇಲೆ ಮನುಷ್ಯನದು.
ಪಕ್ಕೆಲುಬಿನ ಗೂಡಿನಲ್ಲಿ
ಯಾರೋ ಜೋಪಾನ ಮಾಡಿಟ್ಟ ಹಾಗೆ, ಇದು.

"ಟೀಚರ್ ಬಾಯಿ, ಇದು ನಿಮ್ಮ ಲಿಪಿಯಾ?
ಹವಾಲ್ದಾರ ತೆಲುಗು ಅಂತಾನೆ."
ಫಳದೇಸಾಯಿ ಭೂತಗನ್ನಡಿ ಸರಿಸಿದ.

ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ.
ಸಂತೆಯಲ್ಲಿ ಕೂತವನು ಅಕ್ಷರಕ್ಕೆ ನಾಲ್ಕಾಣೆ ಇಸಿದುಕೊಂಡು
ಟಕಟಕ ಕುಟ್ಟಿದ್ದು:
ಹೊಳೆವ್ವನ ತೊಟ್ಲಕ್ಕ
ಮಾವ ಯಂಕಪ್ಪನ ಆಯೇರಿ

ಶಾಲೆಯ ದಾಖಲೆಯಲ್ಲಿ ನಾನು ಸುಮಂಗಲಾ.
ಹೊಳೆವ್ವ ಅನ್ನುವವರು ಈಗ ಇಬ್ಬರೇ,
ದ್ಯಾಮಕ್ಕ, ಗಂಗಕ್ಕ.
ಮೂರನೆಯವನು, ದ್ಯಾಮಕ್ಕನ ಗಂಡ, ನಮ್ಮವ್ವನ ತಮ್ಮ,
ಕುವೈತಿಗೆ ಹೋದ ಅಂತ
ಮೂವತ್ತೊಂದು ವರ್ಷದಿಂದ ಓಣಿಗೆಲ್ಲ ಗೊತ್ತು.

ಅಂದು ನನಗೆ ಆರು.
ಅಕ್ಕ ಮುಚ್ಚಳ ಮರೆತು, ಡಬ್ಬಿಗೆ ಬಟ್ಟೆ ಬಿಗಿದಳು.
"ಪಂಪ್ ಮನಿಗೆ ಒಯ್ದು ಮಾವನ ಕೈಯಾಗ ಕೊಡು.
ದಾರ್ಯಾಗ ಬಿಚ್ಚಬ್ಯಾಡ. ಬೆರಳ ನೆಕ್ಕಬ್ಯಾಡ."
ಆ ವಾರ ಹದಿಮೂರರ ಗಂಗಕ್ಕ ತಲೆ ಬಾಚಿಕೊಂಡಿರಲಿಲ್ಲ.
ಮಾವ ಹೋಳಿಗೆಯ ತುಂಡು ಮುರಿದು ನನಗೂ ಚಾಚಿದ.
ಒಲ್ಲೆ ಅಂದೆ.
ಅಕ್ಕನ ಮಾತು ಮೀರುವ ಹುಡುಗಿಯಲ್ಲ ನಾನು.

ಮರುದಿನ, ನನ್ನ ಡಬ್ಬಿ ಬೇಕು ಅಂತ ಅತ್ತೆ.
ದ್ಯಾಮಕ್ಕ ಹೊಡೆದದ್ದು ಅದೊಂದೇ ಸಲ.
ಆಮೇಲೆ ಇಡೀ ರಾತ್ರಿ
ಅದೇ ಕೆನ್ನೆಗೆ ಅಂಗೈ ಇಟ್ಟುಕೊಂಡು ಕೂತಿದ್ದಳು.
ಗಂಗಕ್ಕನನ್ನು ಬಾದಾಮಿಯ ಗಾಡಿ ಹತ್ತಿಸಿದಳು.
ತಾನು ಮಾತ್ರ ಇಲ್ಲೇ, ಹಣೆತುಂಬ ಕುಂಕುಮ, ಕೈತುಂಬ ಹಸಿರು ಬಳೆ,
ಶ್ರಾವಣದಲ್ಲಿ ಅವನ ಹೆಸರಿನ ಉಪವಾಸ.
ಎಂಥ ಮುತ್ತೈದೆ ಅಂತ ಓಣಿಯವರು ಉಡಿ ತುಂಬಿದರು.

ನನಗೆ ಓದು ಬಂದ ವರ್ಷ
ನೆರೆಯ ಹೆಂಗಸರ ಮುಂದೆ ಕರೆಂಟ್ ಬಿಲ್ಲು ಹಿಡಿಸಿ
"ಮಾವನ ಕಾಗದ ಓದವ್ವಾ" ಅಂದಳು.
ಆಟ ಅಂದುಕೊಂಡೆ. ಓದಿದೆ:
ನಾನು ಕ್ಷೇಮ. ಇಲ್ಲಿ ಬಿಸಿಲು ಭಾಳ. ಮುಂದಿನ ವರ್ಷ ಬರುತ್ತೇನೆ.
ಎಷ್ಟು ಚಂದ ಓದ್ತಾಳ, ಇವಳು ಟೀಚರೇ ಆಗ್ತಾಳ ಅಂದರು.
ಎಷ್ಟನೆಯ ಬಿಲ್ಲಿಗೆ ಅದು ಆಟವಲ್ಲ ಅಂತ ತಿಳಿಯಿತೋ
ನೆನಪಿಲ್ಲ. ಓದು ಮಾತ್ರ ನಿಲ್ಲಿಸಲಿಲ್ಲ.

"ಏನು ಬರೆದಿದೆ?"

"ಶ್ರೀ ದುರ್ಗಾ ಸ್ಟೀಲ್ ಸೆಂಟರ್, ದಾವಣಗೆರೆ."
ಅಲ್ಲಿ ನಮ್ಮವರು ಯಾರೂ ಇಲ್ಲ.

ಅವನು ಪೆನ್ನಿನ ತುದಿಯಿಂದ ಅಕ್ಷರ ಎಣಿಸಿದ.
"ಕೆಳಗಿರೋ ಈ ಸಣ್ಣವು?"
"ಒತ್ತಕ್ಷರ. ನಮ್ಮಲ್ಲಿ ಒತ್ತಿದ್ದು ಕೆಳಗೇ ಇರುತ್ತೆ."
ಬರೆದುಕೊಂಡ. ಚಹಾ ತರಿಸಿದ.
ಕುಡಿದೆ, ತಟ್ಟೆಗೆ ಚೆಲ್ಲದೆ.

ಪ್ರತಿ ಜೂನಿನಲ್ಲಿ ಒಂದನೆಯ ತರಗತಿಗೆ
ಲಾರಿಯ ಕೆಂಪು ಧೂಳು ಕೂತ ಬೋರ್ಡು ಒರೆಸಿ ಹೇಳುತ್ತೇನೆ:
ಇಂಗ್ಲಿಷಿನ ಹಾಗಲ್ಲ ಮಕ್ಕಳೇ,
ನಮ್ಮದು ಬರೆದಂತೆ ಓದುವ ಭಾಷೆ.

ಮನೆಯಲ್ಲಿ ದ್ಯಾಮಕ್ಕ ಮೆಂತ್ಯ ಸೋಸುತ್ತಿದ್ದಳು.
ಏನೂ ಕೇಳಲಿಲ್ಲ.
ಕೇಳಿದ್ದು ಫೋನಿನಲ್ಲಿ ಗಂಗಕ್ಕ:
"ಡಬ್ಬಿ ಸಿಕ್ಕೈತಂತ. ಮುಚ್ಚಳ?"

ತಿರುಗಿ ನೋಡಿದೆ.
ಮೊಸರಿನ ಗಡಿಗೆಯ ಮೇಲೆ, ಎಂದಿನ ಜಾಗದಲ್ಲೇ.
ಅದರ ಮೇಲೂ ಚುಕ್ಕಿ ಕುಟ್ಟಿದ್ದರು, ದಿನಾ ತಿಕ್ಕಿ ತಿಕ್ಕಿ ಸವೆದು
ಈಗ ಉಳಿದದ್ದು ‘ವ್ವ’ ಒಂದೇ.
ದ್ಯಾಮವ್ವ, ಗಂಗವ್ವ, ಹೊಳೆವ್ವ,
ಯಾರದೂ ಆಗಬಹುದು.

"ಉಣ್ಣು ಬಾ," ಅಂದಳು ಅಕ್ಕ.
ಮುಚ್ಚಳ ತೆಗೆದು ಅನ್ನಕ್ಕೆ ಮೊಸರು ಹಾಕಿದಳು.
ಪೂರ್ತಿ ಉಂಡೆ.
ಬೆರಳು ನೆಕ್ಕಿದೆ.