ತಳದ ಪಾಲು

ರಾಬರ್ಟ್‌ಸನ್‌ಪೇಟೆಯ ಹಳೇ ಪೇಪರ್ ಅಂಗಡಿಯಲ್ಲಿ
ತೂಕಕ್ಕೆ ಸಿಕ್ಕಿತು, ರಟ್ಟಿಲ್ಲದ ಪುಸ್ತಕ:
ಗ್ರೀಕರ ದೇವರುಗಳು. ಕಾಲು ಕಿಲೋ.
ಮೊದಲ ಹನ್ನೊಂದು ಪುಟದಲ್ಲಿ ಯಾರೋ ಬೋಂಡಾ ಕಟ್ಟಿಬಿಟ್ಟಿದ್ದರು,
ಹಾಗಾಗಿ ಲೋಕ ಹೇಗೆ ಹುಟ್ಟಿತೋ
ನಮಗೆ ಇವತ್ತಿಗೂ ಗೊತ್ತಿಲ್ಲ.

ತಾತನ ಕಣ್ಣಿಗೆ ಆಪರೇಷನ್ ಆಗಿತ್ತು. ಹಸಿರು ಪಟ್ಟಿ.
ಓದಮ್ಮಣ್ಣಿ, ಅಂದರು, ಬೈಬಲ್ ಬೇಡ ಇವತ್ತು,
ಅದ್ರಲ್ಲಿ ಯಾರ್ಯಾರು ಸಾಯ್ತಾರೆ ಅಂತ ಗೊತ್ತು.

ನಾನು ಏಳನೇ ಕ್ಲಾಸು. ಹೆಸರುಗಳು ಗಂಟಲಿಗೆ ಸಿಕ್ಕಿಕೊಂಡವು
ಮೀನಿನ ಮುಳ್ಳಿನ ಹಾಗೆ.
ಹೆಫೆಸ್ಟಸ್: ಕುಂಟ, ಕಮ್ಮಾರ, ದೇವರು.
'ನಮ್ ವರ್ಕ್‌ಶಾಪಿನ ಸವರಿಯಪ್ಪನ ಥರ.
ಅವನಿಗೂ ಹೆಂಡ್ತಿ ಚೆನ್ನಾಗಿದ್ಲು.'
ಅಜ್ಜಿ ಒಳಗಿಂದ ಕೆಮ್ಮಿದಳು.

ಮೂವರು ಅಣ್ಣತಮ್ಮಂದಿರು. ಅಪ್ಪನನ್ನು ಕೆಡವಿ
ಆಸ್ತಿಗೆ ಚೀಟಿ ಎತ್ತಿದರು.
ಜ್ಯೂಸ್‌ಗೆ ಆಕಾಶ. (ಕುಡಿಯೋ ಜ್ಯೂಸಾ? ಅಲ್ಲ ತಾತ.)
ಪೊಸೈಡನ್‌ಗೆ ಕಡಲು.
ಹೇಡಿಸ್‌ಗೆ ತಳ.

ತಾತ ಎದ್ದು ಕೂತರು.
'ಕೆಳಗಿರೋನಿಗೆ ಹೇಡಿ ಅಂತಾರಾ?
ಒಂದಿನ ಇಳಿದು ನೋಡ್ಲಿ ಆ ಜ್ಯೂಸು.'
ಅವನ ಹೆಸರೆತ್ತೋಕೆ ಜನ ಹೆದರುತ್ತಿದ್ದರಂತೆ, ಓದಿದೆ,
ಐಶ್ವರ್ಯವಂತ ಅಂತ ಕರೆಯುತ್ತಿದ್ದರಂತೆ, ಚಿನ್ನವೆಲ್ಲ ಅವನದಂತೆ.
'ಅದು ಸರಿ. ಅವನದೇ.
ಯಾರೂ ಕೇಳಿ ತಗೊಳ್ಳಲಿಲ್ಲ.'

ನಮ್ಮ ತಾತ ಇನ್ನಾಸಪ್ಪ, ವೈಂಡಿಂಗ್ ಡ್ರೈವರ್,
ಮೂವತ್ತೊಂದು ವರ್ಷ ಕೇಜು ಇಳಿಸಿ ಎತ್ತಿದವರು,
ತಾವು ಒಮ್ಮೆಯೂ ಇಳಿಯದವರು.
ಒಂದು ಗಂಟೆ ಅಂದರೆ ನಿಲ್ಲಿಸು.
ಎರಡು, ಇಳಿಸು.
ಮೂರು ಹೊಡೆದರೆ ಒಳಗೆ ಮನುಷ್ಯರಿದ್ದಾರೆ, ಮೆಲ್ಲಗೆ.

ಕಂಚಿನ ಅಡೆಗಲ್ಲೊಂದು ಭೂಮಿಯಿಂದ ಜಾರಿದರೆ
ಒಂಬತ್ತು ಹಗಲು ಒಂಬತ್ತು ರಾತ್ರಿ ಬೀಳುತ್ತಲೇ ಇದ್ದು
ಹತ್ತನೇ ದಿನ ಪಾತಾಳ ಮುಟ್ಟುತ್ತದಂತೆ.
ತಾತ ಬಾಯಲ್ಲೇ ಲೆಕ್ಕ ಹಾಕಿದರು, ನಿಮಿಷಕ್ಕೆ ಎರಡು ಸಾವಿರ ಅಡಿ,
ಎರಡು ಕೋಟಿ ಐವತ್ತೊಂಬತ್ತು ಲಕ್ಷ ಇಪ್ಪತ್ತು ಸಾವಿರ.
'ಅಷ್ಟುದ್ದ ಹಗ್ಗ ಯಾವ ಡ್ರಮ್ಮಿಗೂ ಸುತ್ತಾಕಾಗಲ್ಲ.
ನಿಮ್ ಗ್ರೀಕ್ ಮೇಸ್ತ್ರಿ ಸುಳ್ಳು ಹೇಳವ್ನೆ.'

ದೋಣಿಯವನ ಪುಟ ಬಂತು.
ಸತ್ತವರ ನಾಲಿಗೆಯಡಿ ಒಂದು ಕಾಸು,
ಕೊಟ್ಟರೆ ಹೊಳೆ ದಾಟಿಸುತ್ತಾನೆ.
ವಾಪಸ್ಸು? ಕೇಳಿದರು.
ವಾಪಸ್ಸಿಲ್ಲ ತಾತ.

ಹೊರಗೆ ಸೈನೈಡ್ ದಿಬ್ಬದ ಬಿಳಿ ದೂಳು ಎದ್ದಿತ್ತು,
ಅಜ್ಜಿ ಒಣಗಿದ ಬಟ್ಟೆ ಒಳಗೆಳೆಯುತ್ತಿದ್ದಳು.
ತಾತ ದಿಂಬಿನ ಕೆಳಗೆ ತಡಕಿ
ಒಂದು ಹಿತ್ತಾಳೆ ಬಿಲ್ಲೆ ನನ್ನ ಅಂಗೈಗೆ ಒತ್ತಿದರು: ೪೧೭.
ಇಳಿಯುವಾಗ ಒಯ್ಯಬೇಕು,
ಮೇಲೆ ಬಂದ ಮೇಲೆ ಮೊಳೆಗೆ ತಗುಲಿಸಬೇಕು.
'ಮೊಳೆ ಖಾಲಿ ಇತ್ತು ಆವತ್ತು.
ಬಿಲ್ಲೆ ಹದಿನಾರು ದಿನಕ್ಕೆ ಸಿಕ್ತು. ಅವನು ಪೂರ್ತಿ ಸಿಗಲಿಲ್ಲ.
ಮೂರು ಗಂಟೆ ಸರಿಯಾಗೇ ಹೊಡೆದಿತ್ತಮ್ಮ.
ಮೆಲ್ಲಗೇ ಇಳಿಸಿದ್ದೆ.'

ನಾನು ಬೇಗಬೇಗ ಪುಟ ತಿರುಗಿಸಿದೆ. ಅಲ್ಲಿ ಇನ್ನೊಬ್ಬ,
ಹೆಂಡತಿಯನ್ನು ಕರೆತರಲು ಇಳಿದ ಹಾಡುಗಾರ,
ಹಿಂತಿರುಗಿ ನೋಡಿ ಕಳಕೊಂಡವನು.
'ಹಿಂದೆ ನೋಡೋದಾ?' ಅಂದರು ತಾತ.
'ನನ್ ಸೀಟಿಂದ ಗುಂಡೀನೇ ಕಾಣ್ತಿರಲಿಲ್ಲ.
ಡ್ರಮ್ಮಿನ ಮೇಲೆ ಒಂದು ಸುಣ್ಣದ ಗೆರೆ.
ಅದನ್ನಷ್ಟೇ ನೋಡಿದ್ದು.'

ಆಮೇಲೆ ದ್ರಾಕ್ಷಿ ದೇವರ ಕಥೆ ಶುರು ಮಾಡಿದೆ, ನಗಲಿ ಅಂತ.
ಚಿರತೆ, ಹಡಗಿಗೆ ಹಬ್ಬಿದ ಬಳ್ಳಿ, ಕುಡಿದ ಕಡಲ್ಗಳ್ಳರು.
ನಾಲ್ಕು ಸಾಲು ಆಗಿತ್ತೇನೋ,
ಮಂಚದ ಕಾಲಿಗೆ ಬೆರಳ ಗೆಣ್ಣಿನಿಂದ
ಒಂದೇ ಒಂದು ಸಲ ಬಡಿದರು.

ಪುಸ್ತಕ ಮುಚ್ಚಿದೆ.